ಜೇಡಗಳಿಗೆ ಹೆಸರಿಟ್ಟ ವಿದ್ವಾಂಸ: ರೆಜಿನಾಲ್ಡ್ ಪೊಕಾಕ್



ರಾಜ್ಯ ಕಟ್ಟಿದವರ, ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರ, ಸಂತರ, ಶರಣರ ಜೀವನ ಚರಿತ್ರೆಗಳನ್ನು ನಾವು ಓದುತ್ತೇವೆ, ಓದಲೇಬೇಕು. ಅವರಿಂದ ನಮ್ಮ ನಡೆ ತಿದ್ದಿಕೊಳ್ಳುತ್ತದೆ. ಆದರೆ ಜಗತ್ತಿನಲ್ಲಿ ಇನ್ನೊಂದು ಬಗೆಯ ದೊಡ್ಡವರೂ ಆಗಿಹೋಗಿದ್ದಾರೆ. ಅವರು ಯುದ್ಧ ಗೆಲ್ಲಲಿಲ್ಲ, ಸಭೆಗಳಲ್ಲಿ ಭಾಷಣ ಮಾಡಲಿಲ್ಲ. ಒಂದು ಮೇಜಿನ ಮುಂದೆ ಕುಳಿತು, ನಾವು ಕಸಬರಿಗೆಯಿಂದ ಗುಡಿಸಿ ಎಸೆಯುವ ಜೀವಿಗಳನ್ನು ವರ್ಷಗಟ್ಟಲೆ ನೋಡಿದರು, ಅಳೆದರು, ಹೆಸರಿಟ್ಟರು. ಅಂಥವರಲ್ಲಿ ಒಬ್ಬರಾದ ರೆಜಿನಾಲ್ಡ್ ಇನ್ನೆಸ್ ಪೊಕಾಕ್ ಅವರ ಜೀವನವನ್ನು ಈ ವರ್ಷ ನಿಮ್ಮ ಮುಂದೆ ಇಡಬೇಕೆಂದು ನಾವು ಬಯಸಿದ್ದೇವೆ. ಪ್ರಾಣಿಶಾಸ್ತ್ರ ಕಲಿತವರೆಲ್ಲ ಬಲ್ಲ ಹೆಸರು ಇದು. ನಮ್ಮ ಮಿರಜ ತಾಲೂಕಿಗೂ, ನೆರೆಯ ಕೊಲ್ಹಾಪುರಕ್ಕೂ, ಧಾರವಾಡ ಸೀಮೆಗೂ ಅವರ ಕೆಲಸದ ನಂಟು ಹೇಗೆ ಬಂತೆಂಬುದನ್ನು ಮುಂದೆ ನೋಡುವಿರಿ.

ನಮ್ಮ ಹೊಲದ ಒಡ್ಡಿನ ಮೇಲೆ

ಪೊಕಾಕರ ಕಥೆಗೆ ಮೊದಲು ನಮ್ಮ ಮಾಲಗಾಂವದ ಹೊಲಕ್ಕೆ ಒಮ್ಮೆ ಹೋಗಿಬರೋಣ. ಮಳೆಗಾಲ ಮುಗಿದು ಚಳಿ ಹಿಡಿಯುವ ದಿನಗಳಲ್ಲಿ ನಸುಕಿನಲ್ಲಿ ಒಡ್ಡಿನ ಮೇಲೆ ನಡೆದುಹೋಗುವವರಿಗೆ ಒಂದು ನೋಟ ಪರಿಚಿತ. ಹುಲ್ಲಿನ ಮೇಲೆ ಅಲ್ಲಲ್ಲಿ ಬಿಳಿಯ ಕರವಸ್ತ್ರ ಹಾಸಿದಂತೆ ಬಲೆಗಳು. ಅವುಗಳ ಮೇಲೆ ಇಬ್ಬನಿಯ ಹನಿಗಳು. ಬಲೆಯ ಒಂದು ಬದಿಯಲ್ಲಿ ಎಣ್ಣೆ ಸುರಿಯುವ ಆಲಿಕೆಯಂಥ ತೂತು. ಆ ತೂತಿನ ಬಾಯಲ್ಲಿ ಕಂದುಬಣ್ಣದ ಒಂದು ಜೇಡ ಕುಳಿತಿರುತ್ತದೆ. ಕಾಲಿನ ಸಪ್ಪಳವಾದರೆ ಸಾಕು, ಕಣ್ಣು ಪಿಳುಕಿಸುವಷ್ಟರಲ್ಲಿ ಒಳಗೆ ಮಾಯವಾಗುತ್ತದೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಬಲೆ ಅಲ್ಲಿಯೇ ಇದ್ದರೂ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ನಾವು ಕನ್ನಡದಲ್ಲಿ ಇದನ್ನು ಜೇಡ ಎನ್ನುತ್ತೇವೆ, ಮನೆಯಲ್ಲಿ ಜ್ಯಾಡ ಎನ್ನುವವರೂ ಇದ್ದಾರೆ. ಮರಾಠಿಯಲ್ಲಿ ಇದೇ ಹುಳುವಿಗೆ ಕೋಳಿ ಎಂದು ಹೆಸರು. ಮರಾಠಿ ಗೆಳೆಯನು ಗೋಡೆಯ ಮೇಲೆ ಕೋಳಿ ಇದೆ ಎಂದಾಗ ಹುಂಜವನ್ನು ಹುಡುಕಿದ ಕನ್ನಡದ ಹುಡುಗರು ನಮ್ಮಲ್ಲಿ ಇಲ್ಲದಿಲ್ಲ! ಎರಡು ಭಾಷೆಯ ಊರಿನಲ್ಲಿ ಬೆಳೆಯುವ ನಮಗೆ ಹೆಸರಿನ ಗೊಂದಲ ಹೊಸದಲ್ಲ. ಜಗತ್ತಿನಲ್ಲಿ ಸಾವಿರಾರು ಭಾಷೆಗಳಿವೆ. ಒಂದೊಂದು ಭಾಷೆಯಲ್ಲಿ ಒಂದೊಂದು ಹೆಸರಾದರೆ ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತಿಳಿಸುವುದು ಹೇಗೆ? ಈ ತೊಡಕನ್ನು ಬಿಡಿಸಲೆಂದೇ ಪ್ರತಿಯೊಂದು ಜೀವಿಗೂ ಎಲ್ಲ ದೇಶಗಳೂ ಒಪ್ಪುವ ಒಂದು ಶಾಸ್ತ್ರೀಯ ಹೆಸರನ್ನು ಇಡುವ ಪದ್ಧತಿ ಬಂತು. ಆ ಹೆಸರಿನಲ್ಲಿ ಎರಡು ಭಾಗ. ಮೊದಲನೆಯದು ಕುಲದ ಹೆಸರು, ನಮ್ಮ ಅಡ್ಡಹೆಸರಿನಂತೆ. ಎರಡನೆಯದು ಆ ಕುಲದೊಳಗಿನ ಜಾತಿಯ ಹೆಸರು.

ನಮ್ಮ ಒಡ್ಡಿನ ಮೇಲಿನ ಆಲಿಕೆಬಲೆಯ ಜೇಡದ ಕುಲಕ್ಕೆ ಹಿಪ್ಪಾಸಾ ಎಂದು ಹೆಸರು. ಫ್ರಾನ್ಸಿನ ವಿದ್ವಾಂಸ ಯುಜೀನ್ ಸಿಮೊನ್ ಅವರು 1885ರಲ್ಲಿ ಈ ಕುಲವನ್ನು ಗುರುತಿಸಿ ಹೆಸರಿಟ್ಟರು. ಅದೇ 1885ರಲ್ಲಿ ಇಂಗ್ಲೆಂಡಿನ ಒಬ್ಬ ತರುಣ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ. ಆತನೇ ಪೊಕಾಕ್.

ಜನನ ಮತ್ತು ವಿದ್ಯಾಭ್ಯಾಸ

ರೆಜಿನಾಲ್ಡ್ ಪೊಕಾಕರು 1863ನೆಯ ಇಸವಿ ಮಾರ್ಚ್ 4ರಂದು ಇಂಗ್ಲೆಂಡಿನ ಪಶ್ಚಿಮ ಭಾಗದ ಬ್ರಿಸ್ಟಲ್ ಎಂಬ ಬಂದರು ಪಟ್ಟಣದ ಕ್ಲಿಫ್ಟನ್ ಎಂಬಲ್ಲಿ ಜನಿಸಿದರು. ತಂದೆ ನಿಕೊಲಸ್ ಪೊಕಾಕರು ಪಾದ್ರಿಗಳು, ಚರಿತ್ರೆಯನ್ನು ಬಲ್ಲ ವಿದ್ವಾಂಸರು. ತಾಯಿಯ ತಂದೆ ಜೇಮ್ಸ್ ಪ್ರಿಚರ್ಡರು ವೈದ್ಯರು. ಜಗತ್ತಿನ ಬೇರೆ ಬೇರೆ ಜನಾಂಗಗಳನ್ನು ಕುರಿತು ದೊಡ್ಡ ಗ್ರಂಥ ಬರೆದವರು. ತಂದೆಯ ಕಡೆಯ ಹಿರಿಯರಲ್ಲಿ ಒಬ್ಬರು ಸಮುದ್ರದ ಹಡಗುಗಳ ಚಿತ್ರ ಬರೆದು ಹೆಸರಾದವರು. ಹೀಗೆ ಓದು, ಬರಹ, ಚಿತ್ರ ಮೂರೂ ಆ ಮನೆಯಲ್ಲಿದ್ದವು. ಮುಂದೆ ಪೊಕಾಕರು ತಾವು ನೋಡಿದ ಜೀವಿಯ ಅಂಗಾಂಗಗಳನ್ನು ಚಿತ್ರವಾಗಿ ಬಿಡಿಸಿ ತೋರಿಸಿದ್ದನ್ನು ಕಂಡಾಗ ಮನೆತನದ ಗುಣ ನೆನಪಾಗುತ್ತದೆ.

ಕ್ಲಿಫ್ಟನ್ ಕಾಲೇಜಿನಲ್ಲಿ ಅವರ ಶಾಲೆಯ ಓದು ನಡೆಯಿತು. ಪ್ರಾಣಿಗಳ ಬಣ್ಣವನ್ನು ಕುರಿತು ಬರೆದು ಪ್ರಸಿದ್ಧರಾದ ಎಡ್ವರ್ಡ್ ಪೌಲ್ಟನ್ನರಿಂದ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿಸಿಕೊಂಡರು. ಬ್ರಿಸ್ಟಲ್ಲಿನ ಯುನಿವರ್ಸಿಟಿ ಕಾಲೇಜಿನಲ್ಲಿ ಲಾಯ್ಡ್ ಮಾರ್ಗನ್ ಮತ್ತು ಸೊಲಾಸ್ ಎಂಬ ಗುರುಗಳ ಕೈಕೆಳಗೆ ಜೀವಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಕಲಿತರು. ಒಳ್ಳೆಯ ಗುರುಗಳು ಸಿಕ್ಕುವುದು ಭಾಗ್ಯವೇ ಸರಿ. ಆದರೆ ಕಲಿತದ್ದನ್ನು ಜೀವನವಿಡೀ ಬಳಸುವುದು ಶಿಷ್ಯನ ಕೈಯಲ್ಲಿದೆ.

ವಸ್ತುಸಂಗ್ರಹಾಲಯದ ಮೇಜಿನ ಮುಂದೆ

22ನೆಯ ವಯಸ್ಸಿನಲ್ಲಿ ಪೊಕಾಕರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಹಾಯಕರಾದರು. ಮೊದಲ ಒಂದು ವರ್ಷ ಕೀಟಗಳ ಕೆಲಸ. ಆಮೇಲೆ ಅವರ ಪಾಲಿಗೆ ಬಂದದ್ದು ಚೇಳು, ಜೇಡ, ಜರಿ, ಸಾವಿರ ಕಾಲಿನ ಹುಳುಗಳ ವಿಭಾಗ. ಚಿಟ್ಟೆಯ ವಿಭಾಗ ಸಿಕ್ಕಿದ್ದರೆ ನೋಡಿದವರೆಲ್ಲ ಮೆಚ್ಚುತ್ತಿದ್ದರು, ಹಕ್ಕಿಯ ವಿಭಾಗ ಸಿಕ್ಕಿದ್ದರೆ ಕೇಳಿದವರೆಲ್ಲ ಹೊಗಳುತ್ತಿದ್ದರು. ಇವರಿಗೆ ಸಿಕ್ಕಿದ್ದು ಜನರು ಕಂಡರೆ ಹೌಹಾರುವ ಪ್ರಾಣಿಗಳು. ಪೊಕಾಕರು ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮ್ಯೂಸಿಯಮ್ಮಿನಲ್ಲಿ ಇದ್ದ 18 ವರ್ಷಗಳಲ್ಲಿ ಸುಮಾರು 200 ಪ್ರಬಂಧಗಳನ್ನು ಬರೆದರು. ಸಾವಿರ ಕಾಲಿನ ಹುಳುಗಳಲ್ಲಿಯೇ 300ಕ್ಕೂ ಹೆಚ್ಚು ಹೊಸ ಜಾತಿಗಳನ್ನು ವರ್ಣಿಸಿದರು. ಜೇಡ ಮತ್ತು ಚೇಳುಗಳ ವಿಷಯದಲ್ಲಿ ಅವರ ಮಾತೇ ಪ್ರಮಾಣವೆಂಬ ಹೆಸರು ಬಂತು.

ಈ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ತಿಳಿಯಬೇಕು. ಜೇಡವನ್ನು ಚಿಟ್ಟೆಯಂತೆ ಒಣಗಿಸಿ ಸೂಜಿ ಚುಚ್ಚಿ ಇಡಲು ಬರುವುದಿಲ್ಲ, ಹೊಟ್ಟೆ ಮುದುಡಿಹೋಗುತ್ತದೆ. ಅದನ್ನು ಮದ್ಯಸಾರ ತುಂಬಿದ ಸೀಸೆಯಲ್ಲಿ ಮುಳುಗಿಸಿ ಇಡಬೇಕು. ಸೀಸೆಯೊಳಗೆ ಒಂದು ಚೀಟಿ. ಚೀಟಿಯ ಮೇಲೆ ಊರಿನ ಹೆಸರು, ಹಿಡಿದವರ ಹೆಸರು. ಹೀಗೆ ಹಿಂದುಸ್ಥಾನದಿಂದ ಸೀಸೆಗಳು ಹಡಗಿನಲ್ಲಿ ಸುಯೆಜ್ ಕಾಲುವೆ ದಾಟಿ ಲಂಡನ್ನಿಗೆ ಹೋಗುತ್ತಿದ್ದವು. ಅಲ್ಲಿ ಪೊಕಾಕರು ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಇಟ್ಟು ಕಣ್ಣುಗಳು ಎಷ್ಟು, ಯಾವ ಸಾಲಿನಲ್ಲಿವೆ, ಕಾಲಿನ ಮುಳ್ಳುಗಳು ಎಲ್ಲಿವೆ, ಹೆಣ್ಣಿನ ಹೊಟ್ಟೆಯ ಅಡಿಯ ಗುರುತು ಯಾವ ಆಕಾರದ್ದು, ಗಂಡಿನ ಬಾಯಿಯ ಬಳಿಯ ಪುಟ್ಟ ಕೈಗಳ ತುದಿ ಹೇಗಿದೆ ಎಂದು ಪರೀಕ್ಷಿಸುತ್ತಿದ್ದರು. ಬಣ್ಣ ಮಾಸಬಹುದು, ಗಾತ್ರ ಹೆಚ್ಚುಕಡಿಮೆಯಾಗಬಹುದು. ಈ ಗುರುತುಗಳು ಸುಳ್ಳು ಹೇಳುವುದಿಲ್ಲ.

ಈ ಸೀಸೆಗಳನ್ನು ಕಳುಹಿಸುವವರು ಯಾರು? 1883ರಲ್ಲಿ ಮುಂಬಯಿಯಲ್ಲಿ ನಿಸರ್ಗದ ಇತಿಹಾಸವನ್ನು ಅಭ್ಯಾಸ ಮಾಡುವ ಒಂದು ಸಂಘ ಹುಟ್ಟಿತ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬ ಹೆಸರಿನಿಂದ ಅದು ಇಂದಿಗೂ ಕೆಲಸ ಮಾಡುತ್ತಿದೆ. ಅದರ ಕಾರ್ಯದರ್ಶಿಯಾಗಿದ್ದ ಫಿಪ್ಸನ್ ಎಂಬ ವ್ಯಾಪಾರಿ, ಅರಣ್ಯಾಧಿಕಾರಿಯಾಗಿದ್ದ ರಾಟನ್ ಮುಂತಾದವರು ತಾವು ಕಂಡ ಚೇಳು, ಜೇಡಗಳನ್ನು ಕೂಡಿಸಿದರು. ಅವರ ಉಪಕಾರವನ್ನು ಪೊಕಾಕರು ಮರೆಯಲಿಲ್ಲ. 1893ರಲ್ಲಿ ಒಂದು ಚೇಳಿನ ಜಾತಿಗೆ ಫಿಪ್ಸನ್ನರ ಹೆಸರಿಟ್ಟರು. 1899ರಲ್ಲಿ ಇನ್ನೊಂದು ಚೇಳಿಗೆ ರಾಟನ್ನರ ಹೆಸರಿಟ್ಟರು. ಅದೇ ವರ್ಷ ಎರಡು ತೋಳಜೇಡಗಳಿಗೂ ಈ ಇಬ್ಬರ ಹೆಸರುಗಳನ್ನು ಕೊಟ್ಟರು. ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸಾಹೇಬರ ಸೀಸೆ ತುಂಬಲು ಕಲ್ಲು ಎತ್ತಿದವರು, ಬಿಲ ಅಗೆದವರು, ಚೇಳು ಹಿಡಿದವರು ಬಹುಮಟ್ಟಿಗೆ ನಮ್ಮ ಕಡೆಯ ಕೂಲಿಗಳು, ಕಾಡಿನ ಕಾವಲುಗಾರರು, ಊರ ಹುಡುಗರು. ಅವರ ಹೆಸರು ಚೀಟಿಯ ಮೇಲೆ ಬರಲಿಲ್ಲ. ಶಾಸ್ತ್ರದ ಕಟ್ಟಡಕ್ಕೆ ಕಲ್ಲು ಹೊತ್ತ ಆ ಅನಾಮಧೇಯರನ್ನೂ ನಾವು ನೆನೆಯೋಣ.

1900ನೆಯ ಇಸವಿಯ ಗ್ರಂಥ

ಆ ಕಾಲದಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತನ್ನು ಕುರಿತ ಒಂದು ಗ್ರಂಥಮಾಲೆ ಹೊರಬರುತ್ತಿತ್ತು. ಬ್ಲಾನ್‌ಫರ್ಡ್ ಎಂಬ ವಿದ್ವಾಂಸರು ಅದರ ಸಂಪಾದಕರು. ಸಸ್ತನಿ, ಪಕ್ಷಿ, ಹಾವು, ಮೀನುಗಳಿಗೆ ಸಂಪುಟಗಳಾದವು. ಜೇಡ ಮತ್ತು ಚೇಳುಗಳ ಸಂಪುಟವನ್ನು ಬರೆಯುವ ಹೊಣೆ ಪೊಕಾಕರ ಮೇಲೆ ಬಿತ್ತು. 1900ರಲ್ಲಿ ಅದು ಪ್ರಕಟವಾಯಿತು. ನಮ್ಮ ದೇಶದ ಚೇಳು, ಜೇಡಗಳನ್ನು ಒಂದೇ ಕಡೆ ಕ್ರಮವಾಗಿ ಹೇಳಿದ ಮೊದಲ ದೊಡ್ಡ ಪುಸ್ತಕ ಅದು. ಎಲ್ಲವೂ ಅದರಲ್ಲಿ ಸೇರಿದವೆಂದಲ್ಲ, ಒಂದು ಸಂಪುಟದಲ್ಲಿ ಸೇರುವುದು ಸಾಧ್ಯವೂ ಇರಲಿಲ್ಲ. ಆದರೆ ಮುಂದೆ ಬಂದವರಿಗೆ ಅದು ಅಡಿಗಲ್ಲಾಯಿತು.

ಆ ಪುಸ್ತಕದಲ್ಲಿ ನಮ್ಮ ಒಡ್ಡಿನ ಹಿಪ್ಪಾಸಾ ಕುಲಕ್ಕೂ ಜಾಗ ದೊರೆಯಿತು. ಹಿಪ್ಪಾಸಾ ಲೈಕೊಸಿನಾ, ಹಿಪ್ಪಾಸಾ ಪಿಸೌರಿನಾ ಎಂಬ ಎರಡು ಜಾತಿಗಳಿಗೆ ಪೊಕಾಕರು 1900ರಲ್ಲಿ ಹೆಸರಿಟ್ಟರು.

ತೋಳಜೇಡದ ಮನೆತನ

ತೋಳಜೇಡ ಎಂಬ ಹೆಸರೇಕೆ? ಗ್ರೀಕ್ ಭಾಷೆಯಲ್ಲಿ ತೋಳಕ್ಕೆ ಲೈಕೋಸ್ ಎನ್ನುತ್ತಾರೆ. ಈ ಜೇಡಗಳ ದೊಡ್ಡ ಕುಟುಂಬಕ್ಕೆ ಲೈಕೋಸಿಡೆ ಎಂಬ ಹೆಸರು ಬಂದದ್ದು ಅದರಿಂದಲೇ. ಅನೇಕ ಜೇಡಗಳು ಬಲೆ ಕಟ್ಟಿ ಬೇಟೆಗಾಗಿ ಕಾಯುತ್ತವೆ. ತೋಳಜೇಡಗಳಲ್ಲಿ ಹೆಚ್ಚಿನವು ಬಲೆಯ ಗೊಡವೆಗೆ ಹೋಗದೆ ನೆಲದ ಮೇಲೆ ಓಡಾಡಿ ಬೇಟೆಯಾಡುತ್ತವೆ. ಆದರೆ ತೋಳದಂತೆ ಗುಂಪು ಕಟ್ಟುವುದಿಲ್ಲ, ಒಂಟಿಯಾಗಿಯೇ ಬಾಳುತ್ತವೆ. ಜಗತ್ತಿನಲ್ಲಿ ಈ ಕುಟುಂಬದ 2,400ಕ್ಕೂ ಹೆಚ್ಚು ಜಾತಿಗಳನ್ನು ಈವರೆಗೆ ಗುರುತಿಸಿದ್ದಾರೆ.

ಇವುಗಳಿಗೆ ಎಂಟು ಕಣ್ಣು. ಮುಂದೆ ಕೆಳಸಾಲಿನಲ್ಲಿ ನಾಲ್ಕು ಚಿಕ್ಕವು, ಅದರ ಮೇಲೆ ಎರಡು ದೊಡ್ಡವು, ತಲೆಯ ಹಿಂಬದಿಗೆ ಇನ್ನೆರಡು. ರಾತ್ರಿ ಬ್ಯಾಟರಿಯನ್ನು ಹಣೆಯ ಮಟ್ಟದಲ್ಲಿ ಹಿಡಿದು ಹೊಲದ ಕಡೆ ಬೆಳಕು ಬಿಟ್ಟರೆ ನೆಲದ ಮೇಲೆ ಸಣ್ಣ ಸಣ್ಣ ಹಸಿರು ಕಿಡಿಗಳು ಹೊಳೆಯುವುದು ಕಾಣುತ್ತದೆ. ಬೆಕ್ಕಿನ ಕಣ್ಣು ಹೊಳೆಯುವಂತೆಯೇ ಇದೂ. ತಾಯಿಯ ವಾತ್ಸಲ್ಯದಲ್ಲಿಯೂ ತೋಳಜೇಡ ಯಾರಿಗೂ ಕಡಿಮೆಯಿಲ್ಲ. ಮೊಟ್ಟೆಗಳನ್ನು ನೂಲಿನ ಗುಂಡು ಚೀಲದಲ್ಲಿ ಸುತ್ತಿ, ಆ ಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ತಾಯಿಯ ಬೆನ್ನೇರಿ ಕೆಲವು ದಿನ ಅಲ್ಲಿಯೇ ಸವಾರಿ ಮಾಡುತ್ತವೆ.

ಈ ಕುಟುಂಬದಲ್ಲಿ ಹಿಪ್ಪಾಸಾ ಕುಲವು ಒಂದು ವಿಶೇಷ. ಓಡಿ ಬೇಟೆಯಾಡುವ ಮನೆತನದಲ್ಲಿ ಹುಟ್ಟಿಯೂ ಇದು ಬಲೆ ಕಟ್ಟುತ್ತದೆ. ನೂಲು ಬಿಡುವ ಅಂಗಗಳಲ್ಲಿ ಹಿಂದಿನ ಜೋಡಿ ಇದಕ್ಕೆ ಉದ್ದ. ಹಾಳೆಯಂಥ ಬಲೆಯನ್ನು ಹುಲ್ಲಿನ ಮೇಲೆ ಹರಡಿ, ಆಲಿಕೆಯ ಕೊಳವೆಯನ್ನು ಕಲ್ಲಿನ ಸಂದಿಗೋ ಮಣ್ಣಿನ ಬಿರುಕಿಗೋ ಇಳಿಸುತ್ತದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೀವು ಬಲ್ಲಿರಿ. ಅಂಥ ಬಿರುಕುಗಳು ಇದಕ್ಕೆ ಸಿದ್ಧಮನೆಗಳು. ಬಲೆಯ ಮೇಲೆ ಮಿಡತೆಯೋ ನೊಣವೋ ಬಿದ್ದರೆ ನಡುಗುವ ಎಳೆಯಿಂದ ಸುದ್ದಿ ತಿಳಿದು ಧಾವಿಸಿ ಬಂದು ಹಿಡಿಯುತ್ತದೆ.

ಈ ಕುಲದ ಜಾತಿಗಳು ಎಲ್ಲೆಲ್ಲಿವೆ? ಮೂವತ್ತಕ್ಕೂ ಹೆಚ್ಚು ಜಾತಿಗಳು ಆಫ್ರಿಕಾ ಮತ್ತು ಏಷ್ಯಾ ಖಂಡಗಳಲ್ಲಿ ಹರಡಿವೆ. ಹಿಪ್ಪಾಸಾ ಪಾರ್ಟಿಟಾ ಎಂಬುದು ಈಜಿಪ್ಟಿನಿಂದ ಭಾರತದವರೆಗೆ ಸಿಕ್ಕುತ್ತದೆ. ಹಿಪ್ಪಾಸಾ ಹೋಲ್ಮೆರೇ ಭಾರತದಿಂದ ಪೂರ್ವಕ್ಕೆ ಫಿಲಿಪೀನ್ಸ್ ದ್ವೀಪಗಳವರೆಗೆ ಇದೆ. ಬಯಲು ಹುಲ್ಲುಗಾವಲು, ಹೊಲದ ಒಡ್ಡು, ತೋಟದ ಬೇಲಿ, ಕಲ್ಲುಗೋಡೆ, ಇವು ಇವುಗಳ ಬೀಡು. ಇದೇ ಕುಟುಂಬದ ಪಾರ್ಡೋಸಾ ಕುಲದವು ಬಲೆ ಇಲ್ಲದೆ ಭತ್ತದ ಗದ್ದೆ, ಹೊಳೆಯ ದಂಡೆ, ತೇವದ ನೆಲಗಳಲ್ಲಿ ಓಡಾಡುತ್ತವೆ. ಭತ್ತದ ರಸ ಹೀರುವ ಜಿಗಿಹುಳುಗಳನ್ನು ತಿಂದು ರೈತನಿಗೆ ಕೂಲಿಯಿಲ್ಲದ ಆಳಾಗಿ ದುಡಿಯುತ್ತವೆ. ಕಂಡ ಹುಳುವನ್ನೆಲ್ಲ ಶತ್ರುವೆಂದು ತಿಳಿದು ಔಷಧ ಹೊಡೆಯುವ ನಮ್ಮ ಕೈಯಿಂದ ಈ ಮಿತ್ರರೂ ಸಾಯುತ್ತವೆ ಎಂಬುದನ್ನು ಕಬ್ಬು, ದ್ರಾಕ್ಷಿ ಬೆಳೆಯುವ ಮನೆಯ ಮಕ್ಕಳು ಅವಶ್ಯ ತಿಳಿಯಬೇಕು.

ಗುತ್ತಿಯ ನೀಲಿ ಜೇಡ

ಯಾವ ಜೀವಿ ಎಂಬುದರಷ್ಟೇ ಎಲ್ಲಿಯ ಜೀವಿ ಎಂಬುದೂ ಮುಖ್ಯ. ಪೊಕಾಕರ ಕೆಲಸದಿಂದಲೇ ಇದಕ್ಕೊಂದು ಉದಾಹರಣೆ ಕೊಡಬಹುದು. ಬಳ್ಳಾರಿಯಿಂದ ಮೂಡಲಿಗೆ ಗುಂತಕಲ್ಲಿನ ಆಚೆ ಗುತ್ತಿ ಎಂಬ ಊರಿದೆ. ಅಲ್ಲಿಯ ರೈಲ್ವೆಯ ಕಟ್ಟಿಗೆಯ ರಾಶಿಯಲ್ಲಿ ಒಂದು ದೊಡ್ಡ ರೋಮಜೇಡ ಸಿಕ್ಕಿತು. ಮೈಯೆಲ್ಲ ಹೊಳೆಯುವ ನೀಲಿ. ಅದು ಲಂಡನ್ನಿಗೆ ಹೋಯಿತು. 1899ರಲ್ಲಿ ಪೊಕಾಕರು ಅದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಅವರ ಮುಂದೆ ಇದ್ದದ್ದು ಒಂದೇ ಒಂದು ಹೆಣ್ಣು ಜೇಡ.

ಆಮೇಲೆ ನೂರು ವರ್ಷಗಳವರೆಗೆ ಈ ಜೇಡ ಯಾರಿಗೂ ಕಾಣಲಿಲ್ಲ. 2001ರಲ್ಲಿ ಆಂಧ್ರಪ್ರದೇಶದ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ, ಗುತ್ತಿಯಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ಮರದ ಪೊಟರೆಗಳಲ್ಲಿ ಮತ್ತೆ ಸಿಕ್ಕಿತು. ಕಾಡಿನ ಕಟ್ಟಿಗೆಯೊಂದಿಗೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕೆಂದು ಈಗ ತಿಳಿದವರು ಹೇಳುತ್ತಾರೆ. ಚೀಟಿಯಲ್ಲಿ ಗುತ್ತಿ ಎಂದು ಬರೆದದ್ದು ಸುಳ್ಳಲ್ಲ, ಆದರೆ ಜೇಡದ ಮನೆ ಅದಾಗಿರಲಿಲ್ಲ. ಇಂದು ಈ ಜೇಡ ಅಳಿವಿನ ಅಂಚಿನಲ್ಲಿದೆ. 2008ರಲ್ಲಿ ಅದನ್ನು ತೀವ್ರ ಅಪಾಯಕ್ಕೆ ಒಳಗಾದ ಜೀವಿಗಳ ಪಟ್ಟಿಗೆ ಸೇರಿಸಿದರು. ಅದು ಎಲ್ಲಿ ಬಾಳುತ್ತದೆಂದು ತಿಳಿದ ಮೇಲಷ್ಟೇ ಅದರ ಕಾಡನ್ನು ಉಳಿಸುವ ಮಾತು ಆಡಲು ಸಾಧ್ಯವಾಯಿತು.

ಹೆಸರು ಸರಿಯಾಗಿ ತಿಳಿದಿರುವುದು ಪ್ರಾಣ ಉಳಿಸುವ ಮಾತೂ ಹೌದು. ನಮ್ಮ ಕಡೆಯ ದೊಡ್ಡ ಕರಿಚೇಳು ನೋಡಲು ಭಯಂಕರ. ಆದರೆ ಪ್ರಾಣಕ್ಕೆ ಕುತ್ತು ತರುವುದು ಸಣ್ಣ ಕೆಂಚೇಳು. ಅದರ ವಿಷ ಹೃದಯಕ್ಕೆ ತಗಲುತ್ತದೆ. 1980ರ ದಶಕದಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರರು ಪ್ರಾಜೋಸಿನ್ ಎಂಬ ಔಷಧ ಕೊಟ್ಟು ಇಂಥ ರೋಗಿಗಳನ್ನು ಉಳಿಸುವ ದಾರಿ ತೋರಿಸಿದರು. ಚೇಳು ಕಡಿದಾಗ ಮಂತ್ರ ಹಾಕಿಸುತ್ತ ಕೂಡದೆ ದವಾಖಾನೆಗೆ ಹೋಗಬೇಕೆಂಬುದನ್ನು ಮನೆಯವರಿಗೆ ನೀವೇ ಹೇಳಬೇಕು.

ಪ್ರಾಣಿಸಂಗ್ರಹಾಲಯದ ಮೇಲ್ವಿಚಾರಕ

1904ರಲ್ಲಿ ಪೊಕಾಕರ ಜೀವನದಲ್ಲಿ ದೊಡ್ಡ ತಿರುವು ಬಂತು. 41ನೆಯ ವಯಸ್ಸಿನಲ್ಲಿ ಅವರು ಮ್ಯೂಸಿಯಮ್ ಬಿಟ್ಟು ಲಂಡನ್ನಿನ ಪ್ರಾಣಿಸಂಗ್ರಹಾಲಯದ ಮೇಲ್ವಿಚಾರಕರಾದರು. ಸೀಸೆಯೊಳಗಿನ ಜೇಡ ಬಿಟ್ಟು ಪಂಜರದೊಳಗಿನ ಹುಲಿ, ಸಿಂಹ, ಮಂಗಗಳ ನಡುವೆ ಬಂದರು. ಬೇರೊಬ್ಬರಾಗಿದ್ದರೆ ಆಡಳಿತದ ಕಾಗದಪತ್ರಗಳಲ್ಲಿ ಮುಳುಗಿ ಶಾಸ್ತ್ರವನ್ನು ಮರೆಯುತ್ತಿದ್ದರೇನೋ. ಪೊಕಾಕರು ಜೇಡದ ಕಣ್ಣುಗಳನ್ನು ಎಣಿಸಿದ ಅದೇ ಶ್ರದ್ಧೆಯಿಂದ ದೊಡ್ಡ ಪ್ರಾಣಿಗಳ ಪಾದ, ಕಿವಿ, ಮೂಗು, ಗ್ರಂಥಿಗಳನ್ನು ನೋಡಿದರು. ಸತ್ತ ಪ್ರಾಣಿಯ ಚರ್ಮ ಮತ್ತು ತಲೆಬುರುಡೆಗಳನ್ನಷ್ಟೇ ಇಟ್ಟುಕೊಳ್ಳುವ ರೂಢಿಯಿದ್ದ ಕಾಲದಲ್ಲಿ, ಮೃದುವಾದ ಅಂಗಗಳಲ್ಲಿಯೂ ಸಂಬಂಧದ ಗುರುತುಗಳಿವೆ ಎಂದು ತೋರಿಸಿದರು.

ಬೇಟೆಯ ಪ್ರಾಣಿಗಳಿಗೆ ಯಾವ ಕೀಟ ರುಚಿ, ಯಾವುದು ಅರುಚಿ ಎಂದು ತಿಳಿಯಲು ಸಂಗ್ರಹಾಲಯದ ಪ್ರಾಣಿ, ಪಕ್ಷಿಗಳಿಗೆ ನಾನಾ ಕೀಟಗಳನ್ನು ಕೊಟ್ಟು ಪರೀಕ್ಷಿಸಿದರು. 1911ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಗಾಢ ಬಣ್ಣದ ಕೀಟಗಳು ತಮ್ಮ ಕಹಿಯನ್ನು ಬಣ್ಣದಿಂದಲೇ ಸಾರುತ್ತವೆ ಎಂಬ ವಾದಕ್ಕೆ ಸಂಬಂಧಿಸಿದ ಪರೀಕ್ಷೆ ಇದು. ಗುರು ಪೌಲ್ಟನ್ನರ ಪಾಠ ಶಿಷ್ಯನಲ್ಲಿ ಹೀಗೆ ಫಲ ಕೊಟ್ಟಿತು. ಅದೇ 1911ರಲ್ಲಿ ಅವರು ಇಂಗ್ಲೆಂಡಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಅಲ್ಲಿಯ ವಿಜ್ಞಾನಿಗಳಿಗೆ ಇದು ಬಹು ದೊಡ್ಡ ಗೌರವ.

ಸಿಂಹ, ಹುಲಿ, ಚಿರತೆಗಳ ಗಂಟಲಿನ ಎಲುಬಿನ ರಚನೆ ಬೆಕ್ಕಿನದರಂತಲ್ಲ ಎಂಬುದನ್ನು ಆಧಾರವಾಗಿಟ್ಟು 1916ರಲ್ಲಿ ಅವುಗಳನ್ನು ಒಂದೇ ಕುಲಕ್ಕೆ ಸೇರಿಸಿದರು. 1917ರಲ್ಲಿ ಪ್ಯಾಂಥರಿನೇ ಎಂಬ ಉಪಕುಟುಂಬಕ್ಕೆ ಹೆಸರು ಕೊಟ್ಟರು. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಕೊಲ್ಹಾಪುರದಿಂದ ಹೋದ ಚರ್ಮ

ಈ ಕಾಲದ ಒಂದು ಸಂಗತಿ ನಮಗೆ ತೀರ ಹತ್ತಿರದ್ದು. 1910ರಲ್ಲಿ, ಶಾಹು ಮಹಾರಾಜರ ಆಳ್ವಿಕೆಯ ದಿನಗಳಲ್ಲಿ, ನಮ್ಮಿಂದ 50 ಕಿಲೋಮೀಟರಿನಷ್ಟು ದೂರದ ಕೊಲ್ಹಾಪುರದಲ್ಲಿ ಒಂದು ಅಪರೂಪದ ಜನನವಾಯಿತು. ದೊಡ್ಡ ಗಂಡು ಚಿರತೆಗೂ ಹೆಣ್ಣು ಸಿಂಹಕ್ಕೂ ಎರಡು ಮರಿಗಳು ಹುಟ್ಟಿದವು. ಒಂದು ಮರಿ ಎರಡೂವರೆ ತಿಂಗಳಿಗೆ ತೀರಿಕೊಂಡಿತು. ಅದರ ಚರ್ಮವನ್ನು ಮುಂಬಯಿಯ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡರು ಪೊಕಾಕರಿಗೆ ಕಳುಹಿಸಿಕೊಟ್ಟರು. 1912ರಲ್ಲಿ ಪೊಕಾಕರು ಅದನ್ನು ವರ್ಣಿಸಿ ಬರೆದರು. ಮೈಯ ಪಕ್ಕದ ಚುಕ್ಕೆಗಳು ಚಿರತೆಯವಕ್ಕಿಂತ ಸಣ್ಣವು, ಒತ್ತಾದವು, ಸಿಂಹದ ಮರಿಯ ಚುಕ್ಕೆಗಳಂತೆ ಮಸುಕು ಕಂದು. ತಲೆ, ಬೆನ್ನು, ಕಾಲುಗಳ ಮೇಲಿನ ಚುಕ್ಕೆಗಳು ಮಾತ್ರ ಕಪ್ಪು, ಸ್ಪಷ್ಟ. ಬಾಲದ ತುದಿಯಲ್ಲಿ ಉದ್ದ ಕೂದಲು. ತಂದೆಯ ಗುಣ ಎಲ್ಲಿ, ತಾಯಿಯ ಗುಣ ಎಲ್ಲಿ ಎಂದು ಅಂಗ ಅಂಗವಾಗಿ ಹೇಳಿದರು. ದಾಖಲೆಯಾದ ಇಂಥ ಮೊದಲ ಮಿಶ್ರಸಂತಾನ ಅದು. ಹೀಗೆ ನಮ್ಮ ನೆರೆಯ ಊರಿನ ಹೆಸರು ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಉಳಿಯಿತು.

ಹಂಸಭಾವಿಯ ಮುಸುವ

1923ರಲ್ಲಿ, 60ನೆಯ ವಯಸ್ಸಿನಲ್ಲಿ, ಪೊಕಾಕರು ನಿವೃತ್ತರಾದರು. ನಮ್ಮಲ್ಲಿ ನಿವೃತ್ತಿಯೆಂದರೆ ವಿಶ್ರಾಂತಿ ಎಂಬ ಭಾವನೆ ಇದೆ. ಪೊಕಾಕರು ತಾವು ತರುಣರಾಗಿ ಸೇರಿದ ಅದೇ ಮ್ಯೂಸಿಯಮ್ಮಿಗೆ ಮರಳಿ ಹೋಗಿ, ಈ ಸಲ ಸ್ವಯಂಸೇವಕರಾಗಿ ಸಸ್ತನಿಗಳ ವಿಭಾಗದಲ್ಲಿ ಕುಳಿತರು.

ಮುಂಬಯಿಯ ಸೊಸೈಟಿ 1911ರಲ್ಲಿ ಭಾರತದ ಸಸ್ತನಿಗಳ ಸಮೀಕ್ಷೆಯನ್ನು ಆರಂಭಿಸಿತ್ತು. ಧಾರವಾಡ, ಕಾರವಾರ, ಕೊಡಗು ಮೊದಲಾದ ಸೀಮೆಗಳಲ್ಲಿ ಸಂಗ್ರಹ ನಡೆದು ಸಾವಿರಾರು ಚರ್ಮಗಳು ಲಂಡನ್ನಿನಲ್ಲಿ ಕೂಡಿದ್ದವು. ಅವುಗಳನ್ನು ಪರಿಶೀಲಿಸುವುದು ಪೊಕಾಕರ ವೃದ್ಧಾಪ್ಯದ ತಪಸ್ಸಾಯಿತು. 1928ರಲ್ಲಿ ಅವರು ನಮ್ಮ ಮುಸುವಗಳನ್ನು ಕುರಿತು ಬರೆದರು. ಅಂದಿನ ಧಾರವಾಡ ಜಿಲ್ಲೆಯ ಹಂಸಭಾವಿಯಿಂದ ಹೋದ ಮುಸುವಕ್ಕೆ ಅಕೇಟಿಸ್ ಎಂದೂ, ಜೋಗದಿಂದ ಹೋದ ಮುಸುವಕ್ಕೆ ಐಯೂಲಸ್ ಎಂದೂ ಹೆಸರಿಟ್ಟರು. ಇವೆರಡೂ ರೋಮಿನ ಮಹಾಕವಿ ವರ್ಜಿಲನ ಕಾವ್ಯದ ಪಾತ್ರಗಳು. ನಮ್ಮಲ್ಲಿ ಮುಸುವವನ್ನು ಕಂಡರೆ ಹನುಮಂತನ ನೆನಪು, ಅವರಿಗೆ ತಮ್ಮ ಶಾಲೆಯಲ್ಲಿ ಓದಿದ ಲ್ಯಾಟಿನ್ ಕಾವ್ಯದ ನೆನಪು! ಮುಂದಿನ ವಿದ್ವಾಂಸರು ಇಂಥ ಹಲವು ಹೆಸರುಗಳನ್ನು ಒಂದರೊಳಗೊಂದು ಸೇರಿಸಿಬಿಟ್ಟರು. ಶಾಸ್ತ್ರದಲ್ಲಿ ಇದು ಅವಮಾನವಲ್ಲ. ಹಿಂದಿನವರು ಕಂಡದ್ದನ್ನು ಮುಂದಿನವರು ತಿದ್ದುತ್ತ ಹೋಗುವುದೇ ಅದರ ರೀತಿ.

1939ರಲ್ಲಿ ಭಾರತದ ಸಸ್ತನಿಗಳನ್ನು ಕುರಿತ ಮೊದಲ ಸಂಪುಟ, 1941ರಲ್ಲಿ ಎರಡನೆಯ ಸಂಪುಟ ಹೊರಬಂದವು. ಎರಡನೆಯದು ಬಂದಾಗ ಅವರಿಗೆ 78 ವರ್ಷ. ಎರಡನೆಯ ಮಹಾಯುದ್ಧದ ದಿನಗಳು, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲ. ಅಂಥ ವೇಳೆಯಲ್ಲಿಯೂ ಮುಂಗುಸಿ, ನರಿ, ಕರಡಿಗಳ ಅಂಗಲಕ್ಷಣಗಳನ್ನು ಬರೆಯುತ್ತಿದ್ದ ಮುದುಕರ ಮನೋಬಲವನ್ನು ಏನೆಂದು ಹೊಗಳೋಣ!

1947ನೆಯ ಇಸವಿ ಆಗಸ್ಟ್ 9ರಂದು ಪೊಕಾಕರು ತೀರಿಕೊಂಡರು. ಅವರಿಗೆ 84 ವರ್ಷವಾಗಿತ್ತು. ಅದಾದ ಆರನೆಯ ದಿನ ನಮ್ಮ ದೇಶ ಸ್ವತಂತ್ರವಾಯಿತು. ಅವರು ಬರೆದ ಪುಸ್ತಕಗಳ ಮೇಲೆ ಅಚ್ಚಾಗಿದ್ದ ಬ್ರಿಟಿಷ್ ಇಂಡಿಯಾ ಎಂಬ ಹೆಸರು ಅಂದಿಗೆ ಮುಗಿಯಿತು. ಆದರೆ ಪುಸ್ತಕದೊಳಗಿನ ಜೇಡ, ಚೇಳು, ಮುಸುವಗಳು ನಮ್ಮವಾಗಿಯೇ ಉಳಿದವು.

ಮುಂದುವರಿದ ಕೆಲಸ

ಪೊಕಾಕರು ಬಿಟ್ಟುಹೋದ ಜೇಡಗಳ ಕೆಲಸವನ್ನು ಬೇರೆಯವರು ಎತ್ತಿಕೊಂಡರು. ಮದ್ರಾಸಿನ ವಸ್ತುಸಂಗ್ರಹಾಲಯದ ಗ್ರೇವ್ಲಿಯವರು 1924ರಲ್ಲಿ ಭಾರತದ ತೋಳಜೇಡಗಳನ್ನು ಕುರಿತು ಬರೆದು ಹಿಪ್ಪಾಸಾ ಮದ್ರಾಸ್‌ಪಟಾನಾ ಮೊದಲಾದ ಹೊಸ ಜಾತಿಗಳನ್ನು ಸೇರಿಸಿದರು. ಸ್ವತಂತ್ರ ಭಾರತದಲ್ಲಿ ಬಿನಯ ಕೃಷ್ಣ ಟಿಕಾದರರು ಪುಣೆಯಲ್ಲಿದ್ದು ಜೇಡಗಳ ಅಭ್ಯಾಸವನ್ನು ಬೆಳೆಸಿದರು. 1980ರಲ್ಲಿ ಅವರೂ ಮಲ್ಹೋತ್ರಾ ಅವರೂ ಕೂಡಿ ಬರೆದ ತೋಳಜೇಡಗಳ ಗ್ರಂಥ ಭಾರತ ಸರಕಾರದ ಪ್ರಾಣಿ ಸಮೀಕ್ಷಾ ಇಲಾಖೆಯಿಂದ ಬಂತು. ಲಂಡನ್ನಿನ ಮೇಜಿನ ಮೇಲೆ ಆರಂಭವಾದ ಕೆಲಸ ನಮ್ಮವರ ಮೇಜಿಗೆ ಬಂದದ್ದು ನಮಗೆ ಹೆಮ್ಮೆಯ ಸಂಗತಿ. ಆದರೂ ಕೆಲಸ ಮುಗಿದಿಲ್ಲ. ಇಂದಿಗೂ ಹೊಸ ಜಾತಿಗಳು ಸಿಕ್ಕುತ್ತಿವೆ, ಹಳೆಯ ಹೆಸರುಗಳು ತಿದ್ದಿಸಿಕೊಳ್ಳುತ್ತಿವೆ.

ನಾವು ಕಲಿಯಬೇಕಾದದ್ದು

ಪೊಕಾಕರ ಜೀವನದಿಂದ ನಾವು ಕಲಿಯಬೇಕಾದ ಮಾತುಗಳು ಹಲವು. ಮೊದಲನೆಯದು, ಪಾಲಿಗೆ ಬಂದ ಕೆಲಸ ಚಿಕ್ಕದೆಂದು ಹಳಿಯದಿರುವುದು. ಜೇಡಗಳ ವಿಭಾಗ ಬಂದಾಗ ಅವರು ಜೇಡಗಳಲ್ಲಿಯೇ ದೊಡ್ಡವರಾದರು. ಎರಡನೆಯದು, ಕಂಡದ್ದನ್ನು ಕಂಡಂತೆ ಬರೆಯುವುದು. ಮೂರನೆಯದು, ವಯಸ್ಸಿನ ನೆಪ ಹೇಳದೆ ದುಡಿಯುವುದು.

ಇನ್ನೊಂದು ಮಾತು ನಮ್ಮ ಊರಿಗೇ ಸೇರಿದ್ದು. ನಾವು ಮಹಾರಾಷ್ಟ್ರದಲ್ಲಿದ್ದು ಕನ್ನಡ ಓದುವವರು. ಹಿಪ್ಪಾಸಾ ಜೇಡಕ್ಕೆ ರಾಜ್ಯದ ಗಡಿ ತಿಳಿಯದು. ಗಡಿಕಲ್ಲಿನ ಆಚೆಯೂ ಅದೇ ಬಲೆ, ಈಚೆಯೂ ಅದೇ ಬಲೆ. ಜೇಡ ಎಂದರೂ ಕೋಳಿ ಎಂದರೂ ಅದು ಓಡಿಹೋಗುವುದು ಅದೇ ಬಿಲಕ್ಕೆ. ಆದರೆ ನಮ್ಮ ಅಜ್ಜ, ಅಜ್ಜಿಯರಿಗೆ ಗೊತ್ತಿದ್ದ ಹುಳು, ಹುಪ್ಪಟೆ, ಹುಲ್ಲು, ಗಿಡಗಳ ಕನ್ನಡ ಹೆಸರುಗಳು ನಮ್ಮ ಬಾಯಿಂದ ಒಂದೊಂದಾಗಿ ಜಾರುತ್ತಿವೆ. ಶಾಸ್ತ್ರದ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಮನೆಯ ಹೆಸರನ್ನು ಉಳಿಸುವವರು ಯಾರು? ಲಂಡನ್ನಿನಿಂದ ಯಾರೂ ಬಂದು ಉಳಿಸಲಾರರು.

ಆದ್ದರಿಂದ ನಮ್ಮದೊಂದು ಸೂಚನೆ. ಈ ವರ್ಷ ಪ್ರತಿಯೊಬ್ಬರೂ ಒಂದು ವಹಿ ಮಾಡಿರಿ. ಹೊಲದಲ್ಲಿ, ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ಕಂಡ ಜೀವಿಯನ್ನು ಅದರಲ್ಲಿ ಬರೆಯಿರಿ. ಹಿಡಿಯಬೇಡಿರಿ, ಕೊಲ್ಲಬೇಡಿರಿ, ಚೇಳಿನ ಹತ್ತಿರ ಕೈ ಒಯ್ಯಬೇಡಿರಿ. ನೋಡಿ ಬರೆದರೆ ಸಾಕು. ತಾರೀಖು ಹಾಕಿರಿ, ಜಾಗ ಬರೆಯಿರಿ, ಹಿರಿಯರನ್ನು ಕೇಳಿ ಕನ್ನಡದ ಹೆಸರನ್ನೂ ಮರಾಠಿಯ ಹೆಸರನ್ನೂ ಬರೆಯಿರಿ. ಕೊನೆಗೆ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿರಿ. ಹಿಂದೆ ಬಿಲ ಅಗೆದ ಹುಡುಗರ ಹೆಸರು ಚೀಟಿಯ ಮೇಲೆ ಬರಲಿಲ್ಲ. ನಿಮ್ಮದು ಬರಲಿ.